ಗಾಲ್ಫ್ ಆಡದ ಅಜ್ಜನಿಗೆ ಗಾಲ್ಫ್ ಮೊಣಕೈ

ಹೋದ ವರ್ಷ ದೀಪಾವಳಿ ಮುಗಿದು ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾದ ಹೊತ್ತಿಗೆ ನನ್ನ ಬಲಗೈ ಮುಷ್ಕರ ಹೂಡಿತು. ಬೆಳಿಗ್ಗೆ ಎಮ್ಮೆ ಹಿಂಡಲು ಕುಳಿತರೆ ಮೊಣಕೈಯ ಒಳಮಗ್ಗುಲಿಗೆ ದಬ್ಬಳ ಚುಚ್ಚಿದಂತೆ ನೋವು. ಚಹಾದ ಕಪ್ಪು ಎತ್ತುವಾಗ, ಒದ್ದೆ ಟವೆಲ್ ಹಿಂಡುವಾಗ, ಯಾರಾದರೂ ಪ್ರೀತಿಯಿಂದ ಕೈಕುಲುಕಿದಾಗಲೂ ಅದೇ ನೋವು. ಎಣ್ಣೆ ಕಾಸಿ ತಿಕ್ಕಿಸಿಕೊಂಡೆ. ಔಷಧ ಅಂಗಡಿಯಿಂದ ಮುಲಾಮು ತಂದು ಹಚ್ಚಿದೆ. ಮೊಣಕೈಗೊಂದು ಪಟ್ಟಿ ಬಿಗಿದುಕೊಂಡೆ. ಎರಡು ದಿನ ಸುಮ್ಮನಿದ್ದ ನೋವು ಮೂರನೇ ದಿನ ನಾನು ಹಾಜರಿ ಕೂಗುವ ಮೊದಲೇ ಬಂದು ನಿಲ್ಲುತ್ತಿತ್ತು.

ನಾನು ನಿವೃತ್ತ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಮಾಸ್ತರ. 32 ವರ್ಷ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸುತ್ತಮುತ್ತಲಿನ ಶಾಲೆಗಳಲ್ಲಿ ಸೀಟಿ ಊದುತ್ತ ತಿರುಗಿದವನು. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನೊಳಗಿತ್ತು, ಕಾಗವಾಡ ಅಥಣಿಯೊಳಗಿತ್ತು. ಇಷ್ಟು ಮಕ್ಕಳಿಗೆ ಮೈ ಬಗ್ಗಿಸುವುದನ್ನು ಹೇಳಿಕೊಟ್ಟವನ ಕೈಯೇ ಬಗ್ಗುತ್ತಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಏಳನೇ ತರಗತಿಯ ಮೊಮ್ಮಗಳೇ ಕಂಡುಹಿಡಿದಳು.

“ಅಜ್ಜಾ, ನೀ ಹಾಲಿನ ಚರಿಗಿ ಎಡಗೈಲೆ ಯಾಕ ಎತ್ತಾಕತ್ತಿ?”

ಮರುದಿನವೇ ನನ್ನನ್ನು ಚಿಕ್ಕೋಡಿಯ ಒಂದು ಫಿಸಿಯೋಥೆರಪಿ ದವಾಖಾನೆಗೆ ಎಳೆದುಕೊಂಡು ಹೋದಳು. ಅಲ್ಲಿದ್ದಾಕೆ ಅಥಣಿ ಕಡೆಯ ಹುಡುಗಿ, ಬೆಂಗಳೂರಿನಲ್ಲಿ ಓದಿ ಬಂದವಳು. ನನ್ನ ಮೊಣಕೈಯ ಒಳಬದಿಯ ಎಲುಬಿನ ಗುಬ್ಬಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ.

“ಸರ, ಇದಕ್ಕ ಗಾಲ್ಫರ್ಸ್ ಎಲ್ಬೋ ಅಂತಾರ್ರಿ. ಗಾಲ್ಫ್ ಆಡೋರ ಮೊಣಕೈ.”

ಮೊಮ್ಮಗಳು ಕಿಸಕ್ಕನೆ ನಕ್ಕಳು. “ನಮ್ಮ ಅಜ್ಜ ಗಾಲ್ಫ್ ಟಿ.ವಿ.ಯಾಗೂ ನೋಡಿಲ್ರಿ ಮೇಡಂ!”

ಹುಡುಗಿಯ ಮಾತು ನಿಜ. 32 ವರ್ಷ ಈ ಐದು ತಾಲ್ಲೂಕು ತಿರುಗಿದರೂ ಒಂದು ಗಾಲ್ಫ್ ಮೈದಾನ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮಲ್ಲಿರುವುದು ಕುಸ್ತಿಯ ಕಣ, ಕಬಡ್ಡಿಯ ಅಂಗಳ, ಎತ್ತಿನ ಬಂಡಿಯ ಶರ್ಯತ್ತು.

ಈಗ ಮೊಣಕೈಗೆ ಯಾವುದೋ ಯಂತ್ರ ಹಚ್ಚುತ್ತಾಳೆ ಎಂದುಕೊಂಡೆ. ಆಕೆ ಮಾತ್ರ, “ಚಪ್ಪಲಿ ಬಿಚ್ಚಿ ಎದ್ದು ನಿಂದರ್ರಿ ಸರ. ಒಂದ ಕಾಲಮ್ಯಾಲ ನಿಲ್ಲಾಕ ಬರತೈತೇನು ನೋಡೂಣು” ಎಂದಳು.

“ತಂಗಿ, ನೋವು ಕೈಯಾಗೈತಿ, ಕಾಲಾಗಲ್ಲ.”

“ಗೊತ್ತೈತ್ರಿ ಸರ. ಆದ್ರ ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಬಾರದಲ್ರಿ? ಜ್ವರ ಯಾವುದಕ್ಕ ಬಂದೈತಿ ಅಂತ ಮೊದಲ ನೋಡೂಣು.”

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗಾಲ್ಫ್‌ನ ಹೆಸರು ಯಾಕೆ?

ಮಕ್ಕಳೇ, ಗಾಲ್ಫ್ ನೋಡದವರು ಹೀಗೆ ಊಹಿಸಿಕೊಳ್ಳಿ. ನಮ್ಮ ಚಿನ್ನಿದಾಂಡಿನ ಚಿನ್ನಿಯ ಬದಲು ಒಂದು ಪುಟ್ಟ ಬಿಳಿ ಚೆಂಡು. ವ್ಯಾಸ ನಾಲ್ಕೂಕಾಲು ಸೆಂಟಿಮೀಟರ್, ತೂಕ 46 ಗ್ರಾಮಿನೊಳಗೆ. ದಾಂಡಿನ ಬದಲು ತುದಿ ಬಾಗಿದ ಉದ್ದನೆಯ ಕೋಲು. ನೂರಾರು ಮೀಟರ್ ದೂರದ ಹುಲ್ಲಿನಲ್ಲಿ ಒಂದು ಕುಳಿ. ಚೆಂಡನ್ನು ಅತಿ ಕಡಿಮೆ ಹೊಡೆತಗಳಲ್ಲಿ ಅದರೊಳಗೆ ಬೀಳಿಸಬೇಕು. ಇಂಥ 18 ಕುಳಿ ಮುಗಿಸಿದರೆ ಒಂದು ಸುತ್ತು. ಬೆಂಗಳೂರಿನಲ್ಲಿ ಈ ಆಟದ ಕ್ಲಬ್ ಶುರುವಾದದ್ದು 1876ರಲ್ಲಿ. ದೊಡ್ಡವರ ಮನೆಯ ಆಟ ಎಂಬ ಹೆಸರಿದ್ದರೂ, ಬಿಡದಿ ಹತ್ತಿರದ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಇದೇ ಆಟದಲ್ಲಿ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಅಲ್ಲಿ ಅವರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

ಓಡುವಂತಿಲ್ಲ, ಎದುರಾಳಿ ಮೈಮೇಲೆ ಬೀಳುವುದಿಲ್ಲ. ಮತ್ತೆ ಪೆಟ್ಟು ಎಲ್ಲಿಂದ? ಪೆಟ್ಟು ಬರುವುದು ಆ ಬೀಸಿನಿಂದ. ಆಟಗಾರ ಕೋಲನ್ನು ಹೆಗಲ ಹಿಂದೆ ಒಯ್ದು ಇಡೀ ಮೈಯನ್ನು ಹಗ್ಗದಂತೆ ಹುರಿಗೊಳಿಸುತ್ತಾನೆ. ಮರುಗಳಿಗೆ ಆ ಹುರಿ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ಚೆಂಡಿನವರೆಗೆ ಕೋಲು ಬರುವುದಕ್ಕೆ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು. ನುರಿತ ಆಟಗಾರನ ಕೋಲಿನ ತುದಿ ಗಂಟೆಗೆ 180 ಕಿ.ಮೀ. ವೇಗ ಮುಟ್ಟುತ್ತದೆ. ದಿನಕ್ಕೆ ನೂರಾರು ಸಲ ಹೀಗೆ ಒಂದೇ ಮಗ್ಗುಲಿಗೆ ಬೀಸಿದರೆ ಮೈ ಎಲ್ಲೋ ಒಂದು ಕಡೆ ಸೋಲುತ್ತದೆ. ಗಾಲ್ಫ್‌ನಲ್ಲಿ ಹೆಚ್ಚಾಗಿ ಸೋಲುವುದು ಸೊಂಟ. ಮೊಣಕೈ, ಮಣಿಕಟ್ಟು, ಹೆಗಲು ಅದರ ಹಿಂದೆಯೇ ಸಾಲುಗಟ್ಟಿರುತ್ತವೆ. ಜಗತ್ತಿನ ದೊಡ್ಡ ಆಟಗಾರ ಟೈಗರ್ ವುಡ್ಸ್ 2017ರಲ್ಲಿ ಬೆನ್ನಿನ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಎರಡು ವರ್ಷದ ಮೇಲೆ, 2019ರಲ್ಲಿ, ಮಾಸ್ಟರ್ಸ್ ಪ್ರಶಸ್ತಿ ಗೆದ್ದು ಮರಳಿದರು.

ಮೊಣಕೈಯ ಒಳಗುಬ್ಬಿಗೆ ಅಂಟಿಕೊಂಡ ಸ್ನಾಯುರಜ್ಜುಗಳು ಮಣಿಕಟ್ಟನ್ನು ಒಳಕ್ಕೆ ಮಡಿಸುತ್ತವೆ, ಮುಷ್ಟಿ ಬಿಗಿಯುತ್ತವೆ. ಅವು ದಣಿದು ನೊಂದರೆ ಗಾಲ್ಫ್ ಮೊಣಕೈ. ಹೊರಗುಬ್ಬಿಯ ಕಡೆ ನೊಂದರೆ ಟೆನ್ನಿಸ್ ಮೊಣಕೈ. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಕಾಡಿದ್ದು ಈ ಎರಡನೆಯದು. ಹೆಸರು ಆಟದ್ದಾದರೂ ನೋವಿಗೆ ಆಟದ ಹಂಗಿಲ್ಲ. ಹಾಲು ಹಿಂಡುವ ಮುಷ್ಟಿ, ಸುತ್ತಿಗೆ ಹಿಡಿದ ಮುಷ್ಟಿ, ಕೊಯ್ತಾ ಬೀಸುವ ಮುಷ್ಟಿ ಎಲ್ಲವೂ ಅದಕ್ಕೆ ಒಂದೇ.

ಗಾಲಿ ಸಿಕ್ಕಿದರೆ ಎತ್ತಿನ ಹೆಗಲು ಹುಣ್ಣು

ಗಾಲ್ಫ್ ಆಟಗಾರರ ಮೈ ನೋಡುವುದನ್ನು ಆ ವೈದ್ಯೆ ಬೆಂಗಳೂರಿನಲ್ಲಿ ಕಲಿತಿದ್ದಳು. 2003ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ರೋಸ್ ಎಂಬ ಚಿಕಿತ್ಸಕರೂ ಡೇವ್ ಫಿಲಿಪ್ಸ್ ಎಂಬ ಗಾಲ್ಫ್ ತರಬೇತುದಾರರೂ ಸೇರಿ ಟೈಟಲಿಸ್ಟ್ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಎಲ್ಲರಿಗೂ ಒಪ್ಪುವ ಒಂದೇ ಬೀಸು ಇಲ್ಲ, ಅವರವರ ಮೈಗೆ ಒಪ್ಪುವ ಬೀಸು ಇದೆ, ಆದ್ದರಿಂದ ಬೀಸು ತಿದ್ದುವ ಮೊದಲು ಮೈ ಎಲ್ಲಿ ತಿರುಗುತ್ತದೆ, ಎಲ್ಲಿ ತಿರುಗುವುದಿಲ್ಲ ಎಂದು ನೋಡಿ ಎಂಬುದು ಅವರ ಮಾತಿನ ತಿರುಳು. ಇದಕ್ಕೆ ಚಲನೆಯ ಪರೀಕ್ಷೆ ಎನ್ನಬಹುದು. ಗ್ರೇ ಕುಕ್ ಮತ್ತು ಲೀ ಬರ್ಟನ್ ಎಂಬ ಇನ್ನಿಬ್ಬರು ರೂಪಿಸಿದ 7 ಚಲನೆಗಳ ಪರೀಕ್ಷೆಯೂ ಕ್ರೀಡಾಪಟುಗಳ ನಡುವೆ ಬಳಕೆಯಲ್ಲಿದೆ.

ನನಗೆ ಅದು ಅರ್ಥವಾದದ್ದು ಬಂಡಿಯ ಲೆಕ್ಕದಲ್ಲಿ. ಗಾಲಿ ತಿರುಗಬೇಕು, ಅಚ್ಚು ಗಟ್ಟಿಯಾಗಿ ನಿಲ್ಲಬೇಕು. ಗಾಲಿಯ ಗುಂಬಕ್ಕೆ ಎಣ್ಣೆ ಬತ್ತಿ ಅದು ತಿರುಗದೆ ಹೋದರೂ ಎತ್ತುಗಳು ಬಂಡಿಯನ್ನು ಎಳೆದೇ ಎಳೆಯುತ್ತವೆ. ಹುಣ್ಣಾಗುವುದು ಗಾಲಿಗಲ್ಲ, ಎತ್ತಿನ ಹೆಗಲಿಗೆ. ಹೆಗಲಿಗೆ ಮುಲಾಮು ಹಚ್ಚುತ್ತ ಕುಳಿತರೆ ಹುಣ್ಣು ಮಾಯುವುದು ಯಾವಾಗ?

ನಮ್ಮ ಮೈಯೂ ಹಾಗೆಯೇ. ಹಿಮ್ಮಡಿಯ ಗಿಣ್ಣು, ತೊಡೆಯ ಸಂದು, ಎದೆಯ ಹಿಂದಿನ ಬೆನ್ನು, ಹೆಗಲು – ಇವು ಚೆನ್ನಾಗಿ ತಿರುಗಬೇಕಾದ ಗಾಲಿಗಳು. ಮೊಣಕಾಲು, ಸೊಂಟ, ಮೊಣಕೈ – ಇವು ಹೆಚ್ಚು ತಿರುಚದೆ ಭಾರ ತಡೆಯಬೇಕಾದ ಅಚ್ಚುಗಳು. ಬೆನ್ನುಹುರಿ ಕಾಯುವ ಎಲುಬಿನ ಮಣಿಗಳನ್ನೇ ನೋಡಿ. ಎದೆಯ ಹಿಂದಿನ 12 ಮಣಿಗಳು ಸೇರಿ ಒಂದು ಬದಿಗೆ 30 ಡಿಗ್ರಿಗೂ ಹೆಚ್ಚು ತಿರುಗಬಲ್ಲವು. ಸೊಂಟದ 5 ಮಣಿಗಳು ಸೇರಿದರೂ 10 ಡಿಗ್ರಿಯ ಆಸುಪಾಸು. ತೊಡೆಯ ಸಂದು ಮತ್ತು ಎದೆಬೆನ್ನು ಬಿಗಿದುಕೊಂಡವನು ಬೀಸಿದರೆ ಆ ತಿರುಚಲು ಬಡಪಾಯಿ ಸೊಂಟದ ಪಾಲಿಗೆ ಬರುತ್ತದೆ. ಹೆಗಲು ಬಿಗಿದವನ ಭಾರ ಮೊಣಕೈಗೆ ಇಳಿಯುತ್ತದೆ.

ನಾನು ಬರೆದ ಪರೀಕ್ಷೆ

ಆ ದಿನ ನನಗೆ ಐದು ಪ್ರಶ್ನೆ ಬಂದವು.

ಮೊದಲನೆಯದು ಒಂಟಿ ಕಾಲು. ಪ್ರತಿ ಕಾಲಿನ ಮೇಲೆ 10 ಸೆಕೆಂಡು ನಿಲ್ಲಬೇಕು. ಎಡಗಾಲಿನಲ್ಲಿ ಪಾಸು, ಬಲಗಾಲಿನಲ್ಲಿ ನಾಲ್ಕಕ್ಕೇ ಗೋಡೆ ಹಿಡಿದೆ.

ಎರಡನೆಯದು ಕುಕ್ಕರಗಾಲು. ಎರಡೂ ಕೈ ಮೇಲೆತ್ತಿ, ಹಿಮ್ಮಡಿ ನೆಲಕ್ಕೆ ಅಂಟಿರುವಂತೆ ಕೆಳಗಿಳಿಯಬೇಕು. ಒಂದು ಕಾಲಕ್ಕೆ ನೂರು ಬೈಠಕ್ ಹೊಡೆದವನು ನಾನು. ಅರ್ಧ ದಾರಿಗೇ ಹಿಮ್ಮಡಿ ಎದ್ದವು, ಕೈಗಳು ಮುಂದಕ್ಕೆ ಬಿದ್ದವು.

ಮೂರನೆಯದು ಬಗ್ಗಿ ಕಾಲ್ಬೆರಳು ಮುಟ್ಟುವುದು. ಬೆರಳು ಮೊಣಕಾಲಿನ ಸ್ವಲ್ಪ ಕೆಳಗೆ ನಿಂತವು.

ನಾಲ್ಕನೆಯದು ಕುರ್ಚಿಯ ತಿರುಗು. ಮೊಣಕಾಲು ಜೋಡಿಸಿ ಕುಳಿತು, ಎದೆಗೆ ಅಡ್ಡಲಾಗಿ ಕೋಲು ಹಿಡಿದು, ಸೊಂಟ ಅಲ್ಲಾಡಿಸದೆ ಎಡಕ್ಕೂ ಬಲಕ್ಕೂ ತಿರುಗಬೇಕು. ಒಂದೊಂದು ಬದಿಗೆ 45 ಡಿಗ್ರಿ ಬಂದರೆ ಒಳ್ಳೆಯದು. ಎಡಕ್ಕೆ ಪರವಾಗಿಲ್ಲ ಎನ್ನುವಷ್ಟು ಬಂತು, ಬಲಕ್ಕೆ ಅದರ ಅರ್ಧ.

ಐದನೆಯದು ಗೋಡೆಗೆ ಬೆನ್ನು ಕೊಟ್ಟು ತೋಳು ಮೇಲೆತ್ತುವುದು. ಎಡಗೈ ಗೋಡೆ ಮುಟ್ಟಿತು. ಬಲಗೈ ಕಿವಿಯ ಹತ್ತಿರವೇ ನಿಂತಿತು. ಹತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದಾಗ ಆ ಹೆಗಲು ಬಿಗಿದಿತ್ತು. ನಾನದನ್ನು ಮರೆತಿದ್ದೆ. ಮೈ ಮರೆತಿರಲಿಲ್ಲ.

ಕೊನೆಗೆ ಆಕೆ ಒಂದು ಸ್ಟೂಲು ಹಾಕಿ, “ಎಮ್ಮಿ ಹ್ಯಾಂಗ ಹಿಂಡತೀರಿ ತೋರಸ್ರಿ” ಎಂದಳು. ತೋರಿಸಿದೆ. ಕುಕ್ಕರಗಾಲಿನಲ್ಲಿ ಕೂರಲಾಗದೆ ಎತ್ತರದ ಸ್ಟೂಲ್ ಹಿಡಿದಿದ್ದೆ. ಅದರಿಂದಾಗಿ ಎಮ್ಮೆಯಿಂದ ದೂರವಾಗಿದ್ದೆ. ದೂರವಾದುದಕ್ಕೆ ಕೈ ಚಾಚಿ, ಮಣಿಕಟ್ಟು ಮಡಿಸಿ ಹಿಂಡುತ್ತಿದ್ದೆ. ಮೇವು ಕತ್ತರಿಸುವಾಗಲೂ ಬೆನ್ನು ತಿರುಗದ್ದಕ್ಕೆ ಮುಂಗೈಯ ಝಾಡಿನಿಂದಲೇ ಕೊಯ್ತಾ ಆಡಿಸುತ್ತಿದ್ದೆ.

“ನಿಮ್ಮ ಮೊಣಕೈದು ಏನೂ ತಪ್ಪಿಲ್ರಿ ಸರ. ನಾಲ್ಕು ಮಂದಿ ಮಾಡೋ ಕೆಲಸ ಅದೊಂದಽ ಮಾಡಾಕತ್ತೈತಿ.”

ಇನ್ನೊಂದು ಮಾತನ್ನೂ ಆಕೆ ಹೇಳಿದಳು. ಇದು ಜಾತಕ ನೋಡುವ ಕೆಲಸವಲ್ಲ. ಈ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆಲ್ಲ ಪೆಟ್ಟಾಗಿಯೇ ತೀರುತ್ತದೆ ಎಂದಲ್ಲ, ಮುಂದೆ ಬಂದವರಿಗೆ ಆಗುವುದೇ ಇಲ್ಲ ಎಂದೂ ಅಲ್ಲ. ಎಲ್ಲಿಂದ ಕೆಲಸ ಶುರು ಮಾಡಬೇಕು ಎಂಬುದಕ್ಕೆ ಇದೊಂದು ದಾರಿ.

ನಮ್ಮ ಊರುಗಳ ಬೀಸು

ಅಂದಿನಿಂದ ನನ್ನ ಕಣ್ಣು ಬದಲಾಯಿತು. ಕಬ್ಬಿನ ಗ್ಯಾಂಗು ಕಂಡರೆ ನಿಂತು ನೋಡುತ್ತೇನೆ. ಕೃಷ್ಣೆಯ ದಂಡೆಗುಂಟ ಕಾಗವಾಡ, ಅಥಣಿ, ರಾಯಬಾಗದ ಹೊಲಗಳಲ್ಲಿ ನಸುಕಿನಿಂದ ಕೊಯ್ತಾ ಬೀಸುವವರು ಗಾಲ್ಫ್ ಆಟಗಾರನಿಗಿಂತ ಹೆಚ್ಚು ಸಲ ಬೀಸುತ್ತಾರೆ. ಅದೂ ಬಗ್ಗಿ, ಒಂದೇ ಕೈಯಲ್ಲಿ, ಒಂದೇ ಮಗ್ಗುಲಿಗೆ. ಆಮೇಲೆ ಆ ಕಟ್ಟನ್ನು ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರೇಲರ್‌ಗೆ ಹಾಕಬೇಕು. ಅನುಭವದವರನ್ನು ಗಮನಿಸಿ. ಸೊಂಟ ತಿರುಚುವ ಬದಲು ಹೆಜ್ಜೆಯನ್ನೇ ತಿರುಗಿಸುತ್ತಾರೆ. ಯಾವ ಪುಸ್ತಕವೂ ಅವರಿಗೆ ಅದನ್ನು ಕಲಿಸಿಲ್ಲ.

ಅಥಣಿಯಲ್ಲಿ ಚಪ್ಪಲಿ ಮಾಡುವವರ ಅಂಗಳದಲ್ಲಿ ಕುಳಿತೆ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿವೆ. ಆ ಗುರುತಿನ ಹಿಂದೆ ನೆಲದ ಮೇಲೆ ಕುಳಿತು ಚರ್ಮ ಬಡಿಯುವ ಮೊಣಕೈಗಳಿವೆ. ಒಬ್ಬ ಹಿರಿಯರು ಎರಡೂ ಕೈಗೆ ಸುತ್ತಿಗೆ ರೂಢಿ ಮಾಡಿಕೊಂಡಿದ್ದರು. “ಒಂದ ಎತ್ತ ಎಷ್ಟಂತ ಎಳೀತೈತ್ರಿ ಮಾಸ್ತರ?” ಎಂದು ನಕ್ಕರು.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಕತ್ತು ಬಗ್ಗಿಸಿ ದಿನಗಟ್ಟಲೆ ಕೂರುತ್ತಾರೆ. ಅವರ ದೂರು ಬೆರಳಿನದಲ್ಲ, ಕತ್ತು ಮತ್ತು ಹೆಗಲಿನದು. ಅದೇ ಭಂಗಿಯನ್ನು ನಾನು ಚಿಕ್ಕೋಡಿಯ ನಮ್ಮ ಮನೆಯಲ್ಲೂ ಕಂಡೆ. ಮೊಮ್ಮಗಳು ಮೊಬೈಲ್ ನೋಡುತ್ತ ಕುಳಿತಿದ್ದಳು.

ನಾನು ನೋಡದೆ ಹೋದ ಹುಡುಗ

ಈಗ ನನ್ನನ್ನು ಬಿಡದ ಆ ಮಾತಿಗೆ ಬರುತ್ತೇನೆ.

ಬಹಳ ವರ್ಷಗಳ ಹಿಂದೆ ನನ್ನ ಕೈಯಲ್ಲಿ ಒಬ್ಬ ಹುಡುಗನಿದ್ದ. ಎಂಟನೇ ತರಗತಿ. ಎತ್ತರದ ಆಳು, ಚೆಂಡು ಎಸೆದರೆ ಸುಂಟರಗಾಳಿ. ತಾಲ್ಲೂಕು ಮಟ್ಟ ಗೆದ್ದು ಜಿಲ್ಲೆಗೆ ಹೋಗಬೇಕೆಂಬ ಆಸೆಯಲ್ಲಿ ದಿನಾ ಸಂಜೆ ಅವನಿಂದಲೇ ಬೌಲಿಂಗ್ ಮಾಡಿಸುತ್ತಿದ್ದೆ. ಒಂದು ದಿನ, “ಸರ, ಹಿಂದ ಬಾಗಿದ್ರ ಟೊಂಕ ನೋಯತೈತ್ರಿ” ಎಂದ. “ಬೆಳಿಯೋ ವಯಸ್ಸಿನ ನೋವು. ಬಿಸಿನೀರು ಹಾಕ್ಕೋ, ನಾಲ್ಕು ಸುತ್ತು ಓಡು” ಎಂದೆ. ಅವನು ಓಡಿದ. ಮರುದಿನವೂ ಎಸೆದ. ಮೂರು ವಾರ ಹಾಗೆಯೇ ನಡೆಯಿತು. ಕೊನೆಗೊಂದು ಬೆಳಿಗ್ಗೆ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಮನೆಯವರು ಮಿರಜಿಗೆ ಕರೆದೊಯ್ದರು. ನಮ್ಮ ಕಡೆ ದೊಡ್ಡ ಬೇನೆ ಎಂದರೆ ಮಿರಜೇ ಅಲ್ಲವೆ? ಸೊಂಟದ ಕೆಳಗಿನ ಮಣಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಬೆಳೆಯುವ ವಯಸ್ಸಿನಲ್ಲಿ ಎಲುಬು ಇನ್ನೂ ಗಟ್ಟಿಯಾಗುತ್ತಿರುತ್ತದೆ. ಹಿಂದಕ್ಕೆ ಬಾಗಿ ತಿರುಚಿ ಎಸೆಯುವುದನ್ನೇ ಮತ್ತೆ ಮತ್ತೆ ಮಾಡಿದರೆ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದಂತೆ ಅದು ಸೀಳುತ್ತದೆ. ವೇಗದ ಬೌಲರ್ ಹುಡುಗರಲ್ಲಿ ಇದು ವೈದ್ಯರಿಗೆ ಚಿರಪರಿಚಿತ ತೊಂದರೆ. ತಿಂಗಳುಗಟ್ಟಲೆ ವಿಶ್ರಾಂತಿಯಲ್ಲಿ ಬಿರುಕು ಕೂಡಿಕೊಂಡಿತು. ಹುಡುಗ ಮಾತ್ರ ಮತ್ತೆ ಚೆಂಡು ಮುಟ್ಟಲಿಲ್ಲ.

ಅವನನ್ನು ಒಮ್ಮೆ ಕುಕ್ಕರಗಾಲಿನಲ್ಲಿ ಕೂರಿಸಿ ನೋಡಿದ್ದರೆ, ಒಂಟಿ ಕಾಲಿನಲ್ಲಿ ನಿಲ್ಲಿಸಿದ್ದರೆ, ಎಷ್ಟು ಎಸೆತವಾಯಿತು ಎಂದು ಬರೆದಿಟ್ಟಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೇಳಿದ್ದನ್ನು ಕೇಳಿಸಿಕೊಂಡಿದ್ದರೆ! ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಏಕ್, ದೋ, ತೀನ್’ ಎಂದು ಒಂದೇ ರೀತಿ ಕೈ ಎತ್ತಿಸುವುದು ನನಗೆ ಬರುತ್ತಿತ್ತು. ಒಬ್ಬ ಹುಡುಗನ ಮೈ ಹೇಗೆ ಚಲಿಸುತ್ತದೆ ಎಂದು ನೋಡಲು ಬರುತ್ತಿರಲಿಲ್ಲ.

ಅಜ್ಜ–ಮೊಮ್ಮಗಳ ಹತ್ತು ನಿಮಿಷ

ನನ್ನ ಮೊಣಕೈಗೆ ವೈದ್ಯೆ ಕೊಟ್ಟ ಪಾಠ ದೊಡ್ಡದೇನಲ್ಲ. ಮೊದಲನೆಯದು, ನೋವು ಕೆರಳಿಸುವ ಕೆಲಸ ಕೆಲವು ವಾರ ಕಡಿಮೆ ಮಾಡುವುದು. ಎಮ್ಮೆ ಹಿಂಡುವುದು ಮಗನ ಪಾಲಿಗೆ ಹೋಯಿತು. ಎರಡನೆಯದು, ನೀರು ತುಂಬಿದ ಅರ್ಧ ಲೀಟರ್ ಬಾಟಲಿ. ಮುಂಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟು, ಬಾಟಲಿ ಹಿಡಿದ ಮಣಿಕಟ್ಟನ್ನು ಎಡಗೈಯ ನೆರವಿನಿಂದ ಮೇಲಕ್ಕೆ ಮಡಿಸುವುದು, ಆಮೇಲೆ ನೆರವು ಬಿಟ್ಟು ನಿಧಾನಕ್ಕೆ, ಐದು ಎಣಿಸುತ್ತ ಇಳಿಸುವುದು. ಸ್ನಾಯುರಜ್ಜು ಸುಮ್ಮನೆ ಮಲಗಿದರೆ ಗಟ್ಟಿಯಾಗುವುದಿಲ್ಲ, ಹದವಾದ ಭಾರ ಹೊತ್ತರೆ ಗಟ್ಟಿಯಾಗುತ್ತದೆ. ಮೂರನೆಯದು, ಸಿಕ್ಕಿಬಿದ್ದ ಗಾಲಿಗಳಿಗೆ ಎಣ್ಣೆ ಬಿಡುವುದು.

ಈ ಮೂರನೆಯದನ್ನು ನಾನು, ನನ್ನ ಹೆಂಡತಿ, ಮೊಮ್ಮಗಳು ಸೇರಿ ಮಾಡುತ್ತೇವೆ. ನೀವೂ ಮಾಡಬಹುದು.

ಹಲ್ಲು ಉಜ್ಜುವಾಗ ಒಂಟಿ ಕಾಲು. ಮಕ್ಕಳು ಕೈ ಬಿಟ್ಟು ನಿಲ್ಲಲಿ. ಅಜ್ಜ-ಅಜ್ಜಿಯರು ಒಂದು ಕೈ ಗೋಡೆಗೆ ಅಥವಾ ಗಟ್ಟಿ ಕುರ್ಚಿಗೆ ಕೊಟ್ಟೇ ನಿಲ್ಲಬೇಕು, ಒದ್ದೆ ಬಚ್ಚಲಿನಲ್ಲಿ ಬೇಡವೇ ಬೇಡ.

ಕುರ್ಚಿಯಿಂದ ಏಳುವುದು-ಕೂರುವುದು, ಕೈ ಊರದೆ ಹತ್ತು ಸಲ. ಮಕ್ಕಳಿಗೆ ಕುರ್ಚಿ ಬೇಡ, ಪೂರಾ ಕುಕ್ಕರಗಾಲು. ಮೊಣಕಾಲು ಸವೆದವರು ಹಟ ಮಾಡಬಾರದು. ಎತ್ತರದ ಕುರ್ಚಿ ಸಾಕು.

ಗೋಡೆಗೆ ಬೆನ್ನು ಕೊಟ್ಟು ತೋಳುಗಳನ್ನು ಗೋಡೆಗುಂಟ ಮೇಲೆ ಜಾರಿಸುವುದು, ಹತ್ತು ಸಲ. ನೋವಿನ ಗೆರೆ ದಾಟಬಾರದು.

ಇನ್ನು ಬೆನ್ನಿನ ತಿರುಗು. ಕುರ್ಚಿಯಲ್ಲಿ ಕುಳಿತು ಎರಡೂ ಕೈ ಮುಂದೆ ಚಾಚಿ, ಒಂದನ್ನು ಹಿಂದೆಳೆದು ಇನ್ನೊಂದನ್ನು ಮುಂದೆ ನೂಕುತ್ತ ಎದೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವುದು. ವೈದ್ಯೆ ಇದನ್ನು ತೋರಿಸಿಕೊಟ್ಟ ದಿನ ಮನೆಯಲ್ಲಿ ಮಾಡಿ ತೋರಿಸಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಇದೇನ್ರಿ, ಮಜ್ಜಿಗಿ ಕಡಿಯಾಕತ್ತೀರಲ್ಲ!” ಎಂದಳು.

ಹೌದಲ್ಲ! ನಮ್ಮವ್ವ ದಿನಾ ಬೆಳಿಗ್ಗೆ ಕಡಗೋಲಿನ ಹಗ್ಗದ ಎರಡು ತುದಿ ಹಿಡಿದು ಮಾಡುತ್ತಿದ್ದದ್ದು ಇದನ್ನೇ. ಗಾಲ್ಫ್ ಒಂದೇ ಮಗ್ಗುಲಿಗೆ ಬೀಸುತ್ತದೆ. ಕಡಗೋಲು ಎರಡೂ ಮಗ್ಗುಲಿಗೆ ಸಮನಾಗಿ ತಿರುಗಿಸುತ್ತದೆ. ಈಗ ಮೊಮ್ಮಗಳು ಅದಕ್ಕೆ ‘ಮಜ್ಜಿಗಿ ಡ್ರಿಲ್’ ಎಂದೇ ಹೆಸರಿಟ್ಟಿದ್ದಾಳೆ. ಗೋಡೆಯ ಕ್ಯಾಲೆಂಡರಿನ ಮೇಲೆ ನನ್ನ ಅಂಕ ಬರೆಯುವುದೂ ಅವಳೇ. ಬಲಗಾಲಿನ ಒಂಟಿ ನಿಲುವು ನಾಲ್ಕರಿಂದ ಹನ್ನೊಂದಕ್ಕೆ ಏರಿದೆ.

ಯಾವಾಗ ತಡ ಮಾಡಬಾರದು

ಮನೆಯ ಪರೀಕ್ಷೆ ವೈದ್ಯರ ಪರೀಕ್ಷೆಯ ಬದಲಿಯಲ್ಲ. ಬೆನ್ನುನೋವಿನ ಜೊತೆಗೆ ಕಾಲು ಜೋಮು ಹಿಡಿದರೆ ಅಥವಾ ಬಲ ಕಳೆದುಕೊಂಡರೆ, ಮಲ-ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಕೂಡಲೇ ದವಾಖಾನೆಗೆ ಹೋಗಿ. ಎದೆಯ ಬಿಗಿತದ ಜೊತೆಗೆ ಕೈಗೆ ಇಳಿಯುವ ನೋವು ಹೃದಯದ್ದಿರಬಹುದು. ಅದನ್ನು ಮೊಣಕೈಯ ಲೆಕ್ಕಕ್ಕೆ ಹಾಕಬೇಡಿ. ಮಕ್ಕಳು ಆಡುವಾಗ ಒಂದೇ ಜಾಗದ ನೋವನ್ನು ಎರಡು ವಾರ ಹೇಳುತ್ತಿದ್ದರೆ ಅದು ನೆಪವೂ ಅಲ್ಲ, ‘ಬೆಳೆಯುವ ನೋವು’ ಎಂದು ತಳ್ಳುವ ಮಾತೂ ಅಲ್ಲ. ತೋರಿಸಿ.

ಮೂರು ತಿಂಗಳಾಗುವ ಹೊತ್ತಿಗೆ ನಾನು ಮತ್ತೆ ಚರಿಗೆ ಹಿಡಿದೆ. ಈಗ ತಗ್ಗಿನ ಮಣೆ, ಎಮ್ಮೆಯ ಹತ್ತಿರ, ಮಣಿಕಟ್ಟು ನೇರ.

ಹಂಗಾಮಿನ ಕೊನೆಯಲ್ಲಿ ರಾಯಬಾಗದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ನನ್ನ ಪಕ್ಕ ನಿಂತಿತು. “ಸರ, ಗುರತ ಸಿಕ್ಕಿತೇನ್ರಿ?” ಸಿಗದೆ ಏನು? ಅದೇ ಎತ್ತರದ ಹುಡುಗ, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಇಳಿದು ಕಾಲು ಮುಟ್ಟಲು ಬಂದ. ನಾನೇ ಅವನ ಕೈ ಹಿಡಿದುಕೊಂಡು, ಎಷ್ಟೋ ವರ್ಷದಿಂದ ಹೇಳಬೇಕಾಗಿದ್ದದ್ದನ್ನು ಹೇಳಿದೆ. “ಅವತ್ತ ನಿನ್ನ ಓಡಂತ ಹೇಳಿದ್ದು ನನ್ನ ತಪ್ಪಪಾ.”

ಅವನು ಸ್ವಲ್ಪ ಹೊತ್ತು ರಸ್ತೆ 쪽ನೋಡದೆ ಕಬ್ಬಿನ ಕಡೆ ನೋಡಿದ. “ಇರಲಿ ಬಿಡ್ರಿ ಸರ. ನೀವೂ ಬೇಕಂತ ಮಾಡಿದ್ದಲ್ಲ” ಎಂದ. ಆಮೇಲೆ, “ನನ್ನ ಮಗನೂ ಚೆಂಡ ಭಾಳ ಜೋರ ಒಗೀತಾನ್ರಿ. ಒಂದಿನ ಬಂದು ನೋಡತೀರೇನು?” ಎಂದು ಕೇಳಿದ.

ಮುಂದಿನ ಭಾನುವಾರವೇ ಹೋದೆ. ಹುಡುಗ ಚೆಂಡು ಹಿಡಿದು ಓಡಿಬರಲು ತಯಾರಾಗಿ ನಿಂತಿದ್ದ.

“ಚೆಂಡ ಬಾಜೂಕ ಇಡಪಾ” ಎಂದೆ. “ಮೊದಲ ಒಂದ ಕಾಲಮ್ಯಾಲ ನಿಂತು ತೋರಸು.”